ಹಳ್ಳದ ದಂಡೆಯ ಎಂಟು ಹೆಜ್ಜೆ

ಸನವಳ್ಳಿಯ ಆ ಅಜ್ಜಿಗೆ ಮೊದಮೊದಲು ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆ. ರೈತರನ್ನು ಒಪ್ಪಿಸಿ ಹಳ್ಳದ ದಂಡೆಯಲ್ಲಿ ಗಿಡ ಬೆಳೆಸುವುದು ನನ್ನ ಕೆಲಸ. ಅಜ್ಜಿಗಿದ್ದದ್ದು ಹಳ್ಳಕ್ಕೆ ಅಂಟಿಕೊಂಡ ಒಂದೇ ಭತ್ತದ ಗದ್ದೆ, ಎರಡು ಎಮ್ಮೆ. ನೇಗಿಲು ದಂಡೆಯ ಅಂಚಿನವರೆಗೂ ಹೋಗುತ್ತಿತ್ತು, ಹಳ್ಳ ಪ್ರತಿ ಮಳೆಗಾಲ ಒಂದಿಷ್ಟು ಮಣ್ಣು ನುಂಗುತ್ತಿತ್ತು.

ದಂಡೆಯಿಂದ ಎಂಟು ಹೆಜ್ಜೆ ಉಳದೆ ಬಿಡಿ ಎಂದು ಬೇಡಿಕೊಂಡೆ. ಅಜ್ಜಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಮೌನವೇ ಒಪ್ಪಿಗೆ ಎಂದುಕೊಂಡ ಜಾಣ ನಾನು, ಮರುವಾರವೇ ಅರಣ್ಯದವರ ಜೀಪಿನಲ್ಲಿ ಹೊಂಗೆ, ನೇರಳೆ ಸಸಿ ತಂದು ನೆಡಿಸಿದೆ. ಮೈಮೇಲೆ ಖಾಕಿ ಪ್ಯಾಂಟು ಬೇರೆ. ಎಂಟು ದಿನ ಬಿಟ್ಟು ಹೋದರೆ ದಂಡೆ ಬೋಳು. ಸಸಿಗಳೆಲ್ಲ ಅಜ್ಜಿಯ ಅಂಗಳದಲ್ಲಿ ಒಣಗುತ್ತಿದ್ದವು.

ಸಿಟ್ಟು ನೆತ್ತಿಗೇರಿತು. "ಯಾಕ ಕಿತ್ರಿ ಯವ್ವಾ?"

"ಗಿಡ ದೊಡ್ಡವಾದ ಮ್ಯಾಲೆ ಇದು ಅಡವಿ ಅಂತ ಕಲ್ಲು ನೆಟ್ರ ನಾ ಎಲ್ಲಿ ಹೋಗ್ಲಿ? ಜೀಪು ಯಾರದು ಅಂತ ನನಗ ಗೊತ್ತಿಲ್ಲೇನ್ರಿ?"

ಅಡವಿಯ ಅಂಚಿನ ಊರು. ಅರಣ್ಯದವರ ಆ ಗಡಿಕಲ್ಲಿನ ಭಯ ಅಲ್ಲಿ ಎಲ್ಲರಿಗೂ ಇತ್ತು. ಅದನ್ನು ತಿಳಿಯದೆ ಹೋದದ್ದಕ್ಕೆ ನಾಚಿಕೆಯಾಯಿತು. ಹಾಗಾದರೆ ದಂಡೆ ಉಳಿಸುವ ಬಗೆ ನೀವೇ ಹೇಳಿ ಎಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಚಹಾ ಕೊಟ್ಟಳು. "ಹಳ್ಳದ ಕಡೆ ಲಕ್ಕಿ ಹಚ್ಚೂಣು, ಗದ್ದಿ ಕಡೆ ಹುಲ್ಲು. ಲಕ್ಕಿ ಸೊಪ್ಪು ಗದ್ದಿಗೆ ಗೊಬ್ಬರ, ಹುಲ್ಲು ಎಮ್ಮಿಗೆ. ವರ್ಷಾ ವರ್ಷಾ ನನ್ನ ಕುಡಗೋಲು ಆಡೂ ಜಾಗಾನ ಯಾರೂ ಅಡವಿ ಅನ್ನೂದಿಲ್ರಿ."

ನನ್ನ ಸಸಿಗಳ ಪಟ್ಟಿಯಲ್ಲಿ ಈ ಲಕ್ಕಿ ಪೊದೆ ಇರಲಿಲ್ಲ. ಪಟ್ಟಿಯನ್ನು ಜೇಬಿಗೆ ತುರುಕಿದೆ. ಮರುದಿನ ಸೈಕಲ್ ಮೇಲೆ, ಲುಂಗಿ ಉಟ್ಟುಕೊಂಡು ಹೋದೆ. ಇಬ್ಬರೂ ಲಕ್ಕಿಯ ಕಡ್ಡಿ ಊರಿದೆವು. ನಾನು ಊರಿದ್ದನ್ನೆಲ್ಲ ಅವಳು ಕಿತ್ತು ಮತ್ತೆ ಓರೆಯಾಗಿ ಊರುತ್ತಿದ್ದಳು. "ಸಾಲಿ ಕಲತವ್ರ ಮಾತು ಕಡ್ಡಿನೂ ಕೇಳೂದಿಲ್ಲ ನೋಡ್ರಿ," ಎಂದು ನಕ್ಕಳು.

ಮೂರನೆಯ ಮಳೆಗಾಲಕ್ಕೆ ಹಳ್ಳ ದಂಡೆ ಮೀರಿ ಹರಿಯಿತು. ಮಳೆ ಹೊಳವಾದ ಮೇಲೆ ಹೆದರಿಕೊಂಡೇ ಹೋದೆ. ಕೆಳಗಿನ ಗದ್ದೆಯ ದಂಡೆ ಕುಸಿದಿತ್ತು. ಅಜ್ಜಿಯದು ಹಾಗೇ ಇತ್ತು. ಲಕ್ಕಿ ಕೆಸರು ಮೆತ್ತಿಕೊಂಡು ಬಾಗಿ ನಿಂತಿತ್ತು. ಸುಳ್ಳೇಕೆ ಹೇಳಲಿ, ಖುಷಿಗೆ ಕಣ್ಣು ತುಂಬಿತು.

ರೂಢಿಯಂತೆ ದಂಡೆಯಿಂದ ಭತ್ತದ ನಾಟಿಯವರೆಗೆ ಹೆಜ್ಜೆ ಹಾಕಿ ಅಳೆದೆ. ಹತ್ತು ಬಂತು. ಮತ್ತೆ ಹಾಕಿದೆ, ಹತ್ತೇ.

ಹುಲ್ಲಿನ ಹೊರೆ ಕಟ್ಟುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದಳು: "ನೀವು ಕೇಳಿದ್ದು ಎಂಟ ರೀ. ಇನ್ನೆರಡು ನಾನ ಬಿಟ್ಟೇನಿ."