ವಿನೆಗರಿನ ವರಪೂಜೆ

ಮುಂಬಯಿಯ ಮಳೆ ಆಕಾಶದಿಂದ ಬೀಳುತ್ತದೆಂಬುದು ಕೊಡೆ ಮಾರುವವರು ಹಬ್ಬಿಸಿದ ವದಂತಿ. ಅದು ನಿಜವಾಗಿ ಬರುವುದು ಕೆಳಗಿನಿಂದ, ಬೂಟಿನ ಬಾಯಿಯ ಮೂಲಕ. ಎಪ್ಪತ್ತರ ದಶಕದ ಆರಂಭದಲ್ಲಿ, ಸಯನ್‌ನ ಸಾಲುಕೋಣೆಗಳ ಚಾಳೊಂದರಲ್ಲಿ ದೊಡ್ಡಮ್ಮನ ಜೊತೆಗಿದ್ದು ಫೋರ್ಟಿನ ಆಫೀಸಿಗೆ ಗುಮಾಸ್ತಿಕೆಗೆ ಹೋಗುತ್ತಿದ್ದ ನಾನು, ಮಳೆಗಾಲವಿಡೀ ಬೂಟಿನೊಳಗೆ ಎರಡು ಸಣ್ಣ ಕೆರೆಗಳನ್ನು ಹೊತ್ತು ತಿರುಗಿದವನು. ಫಲವಾಗಿ ಬೆರಳ ಸಂದುಗಳಲ್ಲಿ ತುರಿಕೆ. ಬೂಟು ಬಿಚ್ಚಿದೊಡನೆ, 'ಪಾದಾರವಿಂದ' ಎಂಬ ಪದ ಕಟ್ಟಿದ ಮಹಾನುಭಾವ ನನ್ನ ಪಾದಗಳನ್ನು ಮೂಸಿರಲಿಲ್ಲವೆಂದು ಸಾರುವ ಪರಿಮಳ.

ಅಂಥ ಹೊತ್ತಿನಲ್ಲೇ ನನಗೆ ಹೆಣ್ಣು ನೋಡುವ ಶಾಸ್ತ್ರ ನಿಶ್ಚಯವಾಯಿತು. ಹುಡುಗಿ ಮೀನಾಕ್ಷಿ, ವಡಾಲದ ಶಾಲೆಯೊಂದರಲ್ಲಿ ಟೀಚರ್. ಭಾನುವಾರ ಸಂಜೆ ಅವರ ಮನೆಗೆ ಹೋಗಬೇಕು. ಹೋದರೆ ಬಾಗಿಲಲ್ಲಿ ಬೂಟು ಬಿಚ್ಚಬೇಕು. ಬಿಚ್ಚಿದರೆ ಸಂಬಂಧವೂ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಫೋಟೋದಲ್ಲೇ ಆಕೆ ನನಗೆ ಹಿಡಿಸಿಬಿಟ್ಟಿದ್ದರಿಂದ ಚಿಂತೆ ಘನವಾಗಿತ್ತು.

ಆಫೀಸಿನ ಗೆಳೆಯ, ಮಂಗಳೂರಿನ ಡಿಸೋಜಾ, ಉಪಾಯ ಹೇಳಿದ: "ಅರೆ, ಒಂದು ಪಾಲು ವಿನೆಗರ್, ಎರಡು ಪಾಲು ಬೆಚ್ಚಗಿನ ನೀರು. ಕಾಲಿಟ್ಟು ಆರಾಮಲ್ಲಿ ಪೇಪರ್ ಓದು. ಗಾಯ ಇದ್ರೆ ಮಾತ್ರ ಬೇಡ, ಉರಿ ತಡೀಲಿಕ್ಕೆ ಆಗ್ಲಿಕ್ಕಿಲ್ಲ."

ಭಾನುವಾರ ಬೆಳಿಗ್ಗೆ ಪ್ಯಾಂಟು ಮಡಚಿ, ಬಟ್ಟೆ ಒಗೆಯುವ ಟಬ್ಬಿನಲ್ಲಿ ಕಾಲಿಳಿಸಿ ಕುಳಿತೆ. ಕೋಣೆಯೆಲ್ಲ ಘಾಟು.

"ಎಂಥದು ಮಾರಾಯ, ಕಾಲಿನ ಉಪ್ಪಿನಕಾಯಿ ಹಾಕ್ತಿದ್ದೀಯಾ?" ಎಂದು ದೊಡ್ಡಮ್ಮ ಮೂಗು ಮುಚ್ಚುವಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಮೀನಾಕ್ಷಿ ಮತ್ತು ಅವಳ ಅಪ್ಪ ವಾಸುದೇವ ರಾಯರು!

"ಸಾಯಂಕಾಲ ಮಳೆ ಜೋರಾದ್ರೆ ಲೋಕಲ್ ಟ್ರೈನ್ ನಿಲ್ತದೆ. ನಿಮಗ್ಯಾಕೆ ತೊಂದರೆ ಅಂತ ನಾವೇ ಬಂದೆವು," ಎಂದರು ರಾಯರು.

ನಾನು ಗಡಬಡಿಸಿ ಎದ್ದು, ಟಬ್ಬಿನೊಳಗೇ ನಿಂತು, ಕಮಲದ ಮೇಲಿನ ದೇವತೆಯ ಭಂಗಿಯಲ್ಲಿ ಕೈಮುಗಿದೆ. ಅರ್ಧ ನೀರು ನೆಲಕ್ಕೆ ಚೆಲ್ಲಿತು.

"ಇದೆಂಥ ವಾಸನೆ?" ಎಂದರು ರಾಯರು.

"ನನ್ನ ಕಾಲಿಂದು... ಅಲ್ಲಲ್ಲ, ಕಾಲಿಗೆ ಹಾಕಿದ ವಿನೆಗರಿಂದು," ಎಂದೆ. ಸುಳ್ಳು ಹೊಳೆಯುವಷ್ಟು ವ್ಯವಧಾನವೂ ಇರಲಿಲ್ಲ.

ರಾಯರು ಗಂಭೀರರಾದರು. ನನ್ನ ಬ್ರಹ್ಮಚರ್ಯ ಭದ್ರವಾಯಿತೆಂದುಕೊಂಡೆ. ಅವರೋ ಹತ್ತಿರ ಬಂದು ದನಿ ತಗ್ಗಿಸಿ, "ತುರಿಕೆಗೆ ಆಗ್ತದಾ ಇದು?" ಎಂದರು.

"ಆಗ್ತದಂತೆ."

ಮರುಕ್ಷಣ ಆ ಹಿರಿಯರು ಪಂಚೆ ಮೇಲೆತ್ತಿ, ಎದುರಿನ ಸ್ಟೂಲಿನಲ್ಲಿ ಕುಳಿತು, ನನ್ನ ಪಾದಗಳ ಪಕ್ಕಕ್ಕೇ ತಮ್ಮ ಪಾದಗಳನ್ನಿಳಿಸಿ "ಆಹಾ!" ಎಂದು ಕಣ್ಣು ಮುಚ್ಚಿದರು. ಮಾವನಾಗುವವನು ವರನ ಕಾಲು ತೊಳೆಯುವುದನ್ನು ಶಾಸ್ತ್ರ ಬಲ್ಲದು. ಇಬ್ಬರೂ ಒಂದೇ ಟಬ್ಬಿನಲ್ಲಿ ನೆನೆಯುವ ವರಪೂಜೆಗೆ ಯಾವ ಪುರೋಹಿತನ ಬಳಿಯೂ ಮಂತ್ರವಿರಲಾರದು. ದೊಡ್ಡಮ್ಮ ಕಾಫಿಯ ಲೋಟ ಹಿಡಿದು ಕಂಬವಾದಳು. ಮೀನಾಕ್ಷಿ ಸೆರಗಿನಲ್ಲಿ ಬಾಯಿ ಮುಚ್ಚಿದ್ದಳಾದರೂ ಭುಜಗಳು ಕುಣಿಯುತ್ತಿದ್ದವು.

"ಮೀನಾ, ಇವರ ಹತ್ರ ಏನಾದ್ರೂ ಕೇಳ್ಲಿಕ್ಕುಂಟಾ?" ಎಂದರು ರಾಯರು, ಕಣ್ಣು ತೆರೆಯದೆ.

"ಉಂಟು. ದಿನವಿಡೀ ಒದ್ದೆ ಚಪ್ಪಲಿಯಲ್ಲಿ ನಿಂತು ಪಾಠ ಮಾಡ್ತೇನೆ. ನನಗೂ ಸ್ವಲ್ಪ ಸಿಗಬಹುದಾ?"

ರಾಯರು ಔದಾರ್ಯದಿಂದ ಕಾಲು ಸರಿಸಿ ಜಾಗ ಮಾಡಿದರು.

"ಅದರಲ್ಲಲ್ಲಪ್ಪಾ! ಬೇರೆ ನೀರು!"

ನಾನು ಟಬ್ಬಿನಿಂದ ಹಾರಿ, ಬಕೆಟ್ಟು ಎತ್ತಿಕೊಂಡು, ಚಾಳಿನ ಗ್ಯಾಲರಿಯುದ್ದಕ್ಕೂ ಒದ್ದೆ ಹೆಜ್ಜೆಗಳನ್ನು ಮೂಡಿಸುತ್ತ ನಲ್ಲಿಯತ್ತ ಓಡಿದೆ. ಹಿಂದಿನಿಂದ ರಾಯರ ಮಾತು ಕೇಳಿಸಿತು: "ಓಟ ನೋಡಿದರೆ ಹುಡುಗ ಒಪ್ಪಿದ ಹಾಗೆ ಕಾಣ್ತದೆ."

"ನಿಮ್ಮ ಹುಡುಗಿ?" ದೊಡ್ಡಮ್ಮನ ದನಿ.

"ಅವಳಾ? ನೋಡಿ, ಮಣೆ ಎಳ್ಕೊಂಡು ಕೂತೇ ಆಯ್ತಲ್ಲ!"