ಗೋಡೆ ತಳ್ಳುವ ಹರಕೆ

ಸಂಜೆ ನಾಲ್ಕು ಇಪ್ಪತ್ತಕ್ಕೆ ಮುಂದಿದ್ದ ಕಾರಿನ ಅಡಿಯಿಂದ ಹೊಗೆ ಬಂತು. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಆಗಷ್ಟೇ ಸ್ಕೂಟರ್ ನಿಧಾನ ಮಾಡಿ, ಮನೆ ಸೇರುವಷ್ಟರಲ್ಲಿ ಕತ್ತಲಾಗಬಹುದೇ ಎಂದು ಕೈಗಡಿಯಾರ ನೋಡಿಕೊಂಡಿದ್ದೆ. ಕುಣಿಗಲ್‌ನಲ್ಲಿ ಅಧ್ಯಾಪಕರ ಸಭೆ ಮುಗಿಸಿಕೊಂಡು ತುಮಕೂರಿನ ಮರಳೂರಿನಲ್ಲಿರುವ ನಮ್ಮ ಮನೆಗೆ ವಾಪಸಾಗುತ್ತಿದ್ದೆ.

ಡಿಸೆಂಬರ್ ಕೊನೆ, ಹುರುಳಿ ಕಿತ್ತು ರಸ್ತೆಗೆ ಹರವುವ ಕಾಲ. ಸಗಣಿ ಸಾರಿಸಿ ಕಣ ಮಾಡುವವರು ನಮ್ಮ ಕಡೆ ಈಗ ಕಡಿಮೆ. ಡಾಂಬರಿನ ಮೇಲೆ ಬೆಳೆ ಹರವಿಬಿಟ್ಟರೆ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಆದರೆ ಹುರುಳಿಯ ಬಳ್ಳಿ ಉದ್ದ. ಕಾರಿನ ಚಕ್ರಕ್ಕೆ ಸುತ್ತಿಕೊಂಡು, ಅಡಿಯಲ್ಲಿ ಗಂಟುಗಂಟಾಗಿ ಸೇರಿ, ಕಾದ ಸೈಲೆನ್ಸರಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೂ ಅವರು ಪ್ರತಿವರ್ಷ ಹರವುತ್ತಾರೆ, ನಾವು ಪ್ರತಿವರ್ಷ ಅದರ ಮೇಲೆಯೇ ಗಾಡಿ ಓಡಿಸುತ್ತೇವೆ.

ಕಾರು ನಿಂತಿತು. ಎಡಗಡೆಯಿಂದ ವಯಸ್ಸಾದ ಹೆಂಗಸೊಬ್ಬರು ಇಳಿದು ಸೆರಗು ಜಾಡಿಸಿಕೊಂಡರು. ಓಡಿಸುತ್ತಿದ್ದವರು ಅವರ ಗಂಡನಿರಬೇಕು. ಅವರ ಬಾಗಿಲು ತೆರೆಯಲಿಲ್ಲ. ಅಷ್ಟರಲ್ಲಿ ಬೆಂಕಿ ಎಡಗಡೆಯ ಬಾಗಿಲನ್ನು ಮುತ್ತಿ, ಕೆಳಗಿನಿಂದ ಮೇಲಕ್ಕೆ ನೆಕ್ಕತೊಡಗಿತ್ತು. ನಾನು ಹೆಲ್ಮೆಟ್ ಬಿಚ್ಚಿ, ಅದರಿಂದಲೇ ಕಿಟಕಿಯ ಗಾಜಿಗೆ ಹೊಡೆದೆ. ಮತ್ತೆ ಮತ್ತೆ ಹೊಡೆದೆ. ಒಳಗಿನಿಂದ ಅವರೂ ಅಂಗೈಯಿಂದ ಬಡಿಯುತ್ತಿದ್ದರು. ನಮ್ಮಿಬ್ಬರ ಏಟೂ ಒಂದೇ ಗಾಜಿಗೆ ಬೀಳುತ್ತಿತ್ತು. ಅದು ಒಡೆಯಲಿಲ್ಲ.

ಹಿಂದೆ ಜನ ಸೇರಿದ್ದರು. ಒಬ್ಬ ಮೊಬೈಲ್ ಎತ್ತಿ ಹಿಡಿದಿದ್ದ. ಸಿನಿಮಾದವರ ಹಾಗೆ ಕೂಗಿದ:

“ಮೇಡಂ, ಸ್ವಲ್ಪ ಈ ಕಡೆಯಿಂದ ಹೊಡೀರಿ. ನೀವೇ ಅಡ್ಡ ಬರ್ತಿದ್ದೀರ.”

ಆಮೇಲೆ ಯಾರೋ ನನ್ನ ಸೊಂಟಕ್ಕೆ ಕೈ ಹಾಕಿ ಹಿಂದಕ್ಕೆ ಎಳೆದರು. ಒಳಗಿನ ಬಡಿತ ಆಗಲೇ ನಿಂತಿತ್ತು. ಆ ಹೆಂಗಸು ರಸ್ತೆಯ ಹುರುಳಿಯ ಮೇಲೆ ಕೂತು, ಗಂಡನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅವರ ವಯಸ್ಸಿನವರು ಗಂಡನ ಹೆಸರು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮರುದಿನದಿಂದ ನನ್ನ ಬಲಗೈ ನನ್ನ ಮಾತು ಕೇಳಲಿಲ್ಲ. ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೇ ಕೈ ತಾನಾಗಿ ಎದ್ದು ಬೀಸಿ ಹೊಡೆಯುತ್ತಿತ್ತು. ಎರಡು ಸಲ ಏಟು ತಿಂದ ಗಂಡ ದಿಂಬು ತೆಗೆದುಕೊಂಡು ಹಾಲ್‌ಗೆ ಹೋದರು. ಉಳಿದ ರಾತ್ರಿಯೆಲ್ಲ ನಾನು ಮಂಚದ ಮೇಲೆ ಕೂತೇ ಇರುತ್ತಿದ್ದೆ.

ಗುಬ್ಬಿಯ ಖಾಸಗಿ ಪಿಯು ಕಾಲೇಜೊಂದರಲ್ಲಿ ನಾನು ಕೆಮಿಸ್ಟ್ರಿ ಅತಿಥಿ ಉಪನ್ಯಾಸಕಿ. ರಜೆ ಕೇಳುವ ಹಕ್ಕಿಲ್ಲದ ಕೆಲಸ. ಹಾಗಾಗಿ ಮೂರನೆಯ ದಿನವೇ ಬಸ್ಸು ಹತ್ತಿದೆ. ನಾನು ಹೋಗುವ ಮೊದಲೇ ವಿಡಿಯೊ ಅಲ್ಲಿಗೆ ತಲುಪಿತ್ತು. ಕಾರಿಡಾರಿನಲ್ಲಿ ಹುಡುಗರು ನನಗೆ ಹೆಲ್ಮೆಟ್ ಮೇಡಂ ಎಂದು ಹೆಸರಿಟ್ಟಾಗಿತ್ತು. ಸ್ಟಾಫ್ ರೂಮಿನಲ್ಲಿ ಫಿಸಿಕ್ಸ್ ಮೇಷ್ಟ್ರು ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ಬೆರಳಿಟ್ಟು, ಗಾಜನ್ನು ನಡುವೆ ಹೊಡೆಯಬಾರದು, ಮೂಲೆಗೆ ಹೊಡೆಯಬೇಕು ಎಂದು ವಿವರಿಸಿದರು. ತಲೆ ಹೊದಿಕೆ ಕಿತ್ತು ಅದರ ಎರಡು ಕಂಬಿಯ ತುದಿಯಿಂದ ಹೊಡೆದಿದ್ದರೂ ಸಾಕಾಗಿತ್ತಂತೆ. ಯಾವ ಹೊದಿಕೆ ಎಂದು ಕೇಳಿದೆ. ಸೀಟಿನ ತಲೆದಿಂಬು ಅಂದರು. ಅದು ಕಾರಿನ ಒಳಗಿರುತ್ತದೆ ಎಂದೆ. ಹೌದಲ್ಲ ಎಂದು ಚಿತ್ರಾನ್ನ ತಿಂದರು.

ನಿಜವಾದ ತೊಂದರೆ ಲ್ಯಾಬಿನಲ್ಲಿತ್ತು. ಕಡ್ಡಿ ಗೀರುವುದು ನನ್ನಿಂದ ಆಗುತ್ತಿರಲಿಲ್ಲ. ಕಡ್ಡಿ ಪೆಟ್ಟಿಗೆ ಕೈಗೆ ಬಂದ ಕೂಡಲೇ ಭುಜ ಬಿಗಿದು ಕಿವಿಯವರೆಗೂ ಏರುತ್ತಿತ್ತು. ಕೆಲವು ದಿನ ಅಟೆಂಡರ್ ಬರ್ನರ್‌ಗಳನ್ನು ಹಚ್ಚಿಕೊಟ್ಟ. ವಿಷಯ ಪ್ರಿನ್ಸಿಪಾಲರ ಕಿವಿಗೆ ಬಿತ್ತು.

“ಕೆಮಿಸ್ಟ್ರಿ ಮೇಡಂಗೆ ಬೆಂಕಿ ಆಗಲ್ಲ ಅಂದ್ರೆ, ಈಜು ಕಲಿಸೋನಿಗೆ ನೀರು ಆಗಲ್ಲ ಅಂದಂಗಾಯ್ತಲ್ರೀ,” ಎಂದರು. ನಗಲಿಲ್ಲ. ಪ್ರಾಕ್ಟಿಕಲ್ ಪರೀಕ್ಷೆ ಶುರುವಾಗುವ ಹಿಂದಿನ ದಿನ ತಮ್ಮ ಮುಂದೆ ಬರ್ನರ್ ಹಚ್ಚಿ ತೋರಿಸಬೇಕು, ಆಗದಿದ್ದರೆ ನನ್ನ ಜಾಗಕ್ಕೆ ಬರಲು ಇನ್ನೊಬ್ಬರು ಸಿದ್ಧವಾಗಿದ್ದಾರೆ ಎಂದು ಹೇಳಿ ಕಳಿಸಿದರು. ಉಳಿದಿದ್ದು ಮೂರು ವಾರ.

ಶೆಟ್ಟಿಹಳ್ಳಿಯಲ್ಲಿ ಮನಸ್ಸಿನ ಡಾಕ್ಟರೊಬ್ಬರಿದ್ದರು. ನಾನು ಅವರ ಮುಂದೆ ಕೂತು, ನಡೆದದ್ದನ್ನು ಪಾಠ ಒಪ್ಪಿಸಿದ ಹಾಗೆ ಹೇಳಿ, ತಪ್ಪು ನನ್ನದಲ್ಲ ಎಂದು ತರ್ಕದಿಂದ ನನಗೆ ಗೊತ್ತಿದೆ ಎಂದೆ. ಆಕೆ ಪೆನ್ನು ಕೆಳಗಿಟ್ಟರು.

“ತರ್ಕ ನಿಮಗೆ ಗೊತ್ತು. ನಿಮ್ಮ ಮೈಗೆ ಗೊತ್ತಿಲ್ಲ. ಅದಕ್ಕೆ ಕನ್ನಡಾನೂ ಬರಲ್ಲ, ಇಂಗ್ಲಿಷೂ ಬರಲ್ಲ. ಅಪಾಯ ಮುಗೀತು ಅಂತ ಅದಕ್ಕೆ ಅದರ ಭಾಷೇಲೇ ಹೇಳ್ಬೇಕು.”

ಹೇಳಿಕೊಟ್ಟದ್ದು ನಾಲ್ಕು ಚಿಲ್ಲರೆ ಕೆಲಸ. ಬೆಳಿಗ್ಗೆ ಎದ್ದ ಕೂಡಲೇ ಫೋನ್ ಮುಟ್ಟದೆ ಹಿಮ್ಮಡಿಗಳನ್ನು ತಣ್ಣಗಿನ ನೆಲಕ್ಕೆ ಒತ್ತಿ ಕೂರಬೇಕು. ಬಿಸಿ ಕಾಫಿ ಆರಿಸುವ ಹಾಗೆ ಉಸಿರನ್ನು ನಿಧಾನ ಬಿಡಬೇಕು. ಎಳೆಬಿಸಿಲಲ್ಲಿ ಕೈಬೀಸಿಕೊಂಡು ನಡೆಯಬೇಕು. ಎರಡೂ ಅಂಗೈ ಗೋಡೆಗೆ ಊರಿ, ಇರುವ ಬಲವನ್ನೆಲ್ಲ ಹಾಕಿ ತಳ್ಳಿ, ಮೆಲ್ಲಗೆ ಬಿಡಬೇಕು. ಗೋಡೆ ಯಾಕೆ ಎಂದು ಕೇಳಿದೆ. ನಿಮ್ಮ ಕೈ ಇನ್ನೂ ಹೊಡೆಯುತ್ತಲೇ ಇದೆ, ಹಿಂದೆ ಮನುಷ್ಯ ಇಲ್ಲದ ಯಾವುದನ್ನಾದರೂ ಅದು ತಳ್ಳಿ ಮುಗಿಸಲಿ ಎಂದರು. ಇದರಿಂದ ಸಂತೋಷವೇನೂ ಬರುವುದಿಲ್ಲ, ದಿನವೂ ಮಾಡಿದರೆ ನಿದ್ದೆ ಬರಬಹುದು ಎಂದೂ ಹೇಳಿದರು. ಆಮೇಲೆ ಮುಂದಿನವರನ್ನು ಕರೆದರು.

ಮನೆಯಲ್ಲಿ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಯಡಿಯೂರು ಕಡೆಯ ಹಳ್ಳಿಯವರು, ಗಟ್ಟಿಗಿತ್ತಿ. ಸೊಸೆ ಮನಸ್ಸಿನ ಡಾಕ್ಟರ ಹತ್ತಿರ ಹೋಗಿಬಂದಳು ಎಂದು ಬೀದಿಗೆ ಗೊತ್ತಾಗುವುದು ಅವರಿಗೆ ಬೇಕಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ನಡೆಯಲು ಹೊರಟಾಗ ಎದುರು ಮನೆಯಾಕೆ ಎಲ್ಲಿಗೆ ಎಂದು ಕೇಳಿದರು. ಅತ್ತೆ ಬಾಗಿಲಲ್ಲೇ ನಿಂತು, ಯಡಿಯೂರು ಸ್ವಾಮಿಗೆ ಹರಕೆ ಹೊತ್ತಿದ್ದಾಳೆ ಎಂದುಬಿಟ್ಟರು. ನನ್ನನ್ನು ಒಳಗೆ ಕರೆದು, ಕಾಲಿನ ಶೂ ತೋರಿಸಿ ಹೇಳಿದರು:

“ಇದ್ನ ಬಿಚ್ಚು. ಬೂಟು ಹಾಕ್ಕೊಂಡು ಹರಕೆ ತೀರಿಸ್ತಾಳೆ ಅಂದ್ರೆ ಯಾರು ನಂಬ್ತಾರೆ?”

ಧನುರ್ಮಾಸದ ಚಳಿಯಲ್ಲಿ, ಜಲ್ಲಿ ಎದ್ದ ರಸ್ತೆಯಲ್ಲಿ ಬರಿಗಾಲಲ್ಲಿ ನಡೆದೆ. ಹಿಮ್ಮಡಿ ಒಡೆದು ರಕ್ತ ಬಂತು. ಬೀದಿಯ ಹೆಂಗಸರು ದಾರಿ ಬಿಟ್ಟರು. ಒಬ್ಬಾಕೆ ಬಿಂದಿಗೆ ತಂದು ನನ್ನ ಕಾಲಿಗೆ ತಣ್ಣೀರು ಸುರಿದು ನಮಸ್ಕಾರ ಮಾಡಿದಳು. ನೀರು ಒಡಕಿನೊಳಗೆ ಇಳಿದಾಗ ಪ್ರಾಣ ಹೋದಂತಾಯಿತು. ಹರಕೆ ಎಂದ ಮೇಲೆ ಮುಖ ಸಿಂಡರಿಸುವ ಹಾಗಿಲ್ಲ. ನಗುತ್ತಾ ನಿಂತೆ.

ಆ ಸುಳ್ಳು ನನ್ನೊಳಗೂ ಹೇಗೆ ಹೊಕ್ಕಿತೆಂದರೆ, ಕೆಲವೇ ದಿನಗಳಲ್ಲಿ ನಾನೂ ಅದನ್ನು ಹರಕೆಯಂತೆಯೇ ಮಾಡತೊಡಗಿದೆ. ಡಾಕ್ಟರ್ ಹತ್ತು ನಿಮಿಷ ಅಂದರೆ ನಾನು ಒಂದು ಗಂಟೆ ನಡೆದೆ. ಬೆಳಗಿನ ತಿಂಡಿ ಬಿಟ್ಟೆ. ತಣ್ಣೀರು ಸ್ನಾನ ಸೇರಿಸಿಕೊಂಡೆ. ಅಂಗೈ ಕೆಂಪಾಗುವವರೆಗೆ ಗೋಡೆ ತಳ್ಳಿದೆ. ಮೈಯನ್ನು ಸಾಕಷ್ಟು ದಂಡಿಸಿದರೆ ಕರುಣೆ ಬಂದು ಯಾರೋ ನಿದ್ದೆ ಕೊಡುತ್ತಾರೆ ಎಂಬ ಲೆಕ್ಕ. ಎಂಎಸ್ಸಿ ಓದಿದವಳ ಲೆಕ್ಕ. ನಿದ್ದೆ ಇದ್ದಷ್ಟೂ ಹೋಯಿತು. ಬಸ್ಸಿನಲ್ಲಿ ನಿಂತಲ್ಲೇ ತಲೆ ಸುತ್ತಿ ಬಿದ್ದೆ. ಕಂಡಕ್ಟರ್ ಮುಖಕ್ಕೆ ನೀರು ಹಾಕಿ, ಗುಬ್ಬಿ ಬಂತು, ಇಳಿದು ಬೀಳಿ ಮೇಡಂ ಎಂದ.

ಎರಡನೆಯ ಸಲ ಹೋದಾಗ ಡಾಕ್ಟರ್ ನನ್ನ ಕಾಲು ನೋಡಿದರು. ಹರಕೆಯ ಕಥೆ ಕೇಳಿ ಸಿಟ್ಟಾದರು. ಕಾರಿನ ದಿನದಿಂದ ನಿಮ್ಮ ಮೈ ಹೆದರಿ ಕೂತಿದೆ, ಅದನ್ನು ಹಿಡಿದು ಬಡಿಯುತ್ತಿದ್ದೀರಲ್ಲ ಎಂದರು. ಕಾಲಿಗೆ ಚಪ್ಪಲಿ, ಹೊತ್ತಿಗೆ ಊಟ, ಹತ್ತೇ ನಿಮಿಷ. ಗೋಡೆ ತಳ್ಳಿದ್ದಕ್ಕಿಂತ ಬಿಟ್ಟಾಗ ಕೈ ಹೇಗಿದೆ ಎಂದು ನೋಡಿಕೊಳ್ಳುವುದು ಮುಖ್ಯವಂತೆ. ಅದನ್ನು ನಾನು ಒಂದು ದಿನವೂ ನೋಡಿಕೊಂಡಿರಲಿಲ್ಲ.

ಚಪ್ಪಲಿ ಹಾಕಿಕೊಂಡ ದಿನ ಬೀದಿಯಲ್ಲಿ ನನ್ನ ಮರ್ಯಾದೆ ಹೋಯಿತು. ಹರಕೆ ಮುರಿದವಳಿಗೆ ಏನಾಗುತ್ತದೆ ಎಂದು ಎದುರು ಮನೆಯಾಕೆ ನನಗೆ ಕೇಳುವ ಹಾಗೆಯೇ ಹೇಳಿದರು. ಅತ್ತೆ ನನ್ನ ಹತ್ತಿರ ಮಾತು ಬಿಟ್ಟರು. ಅದೇ ವಾರ ಅವರ ತಮ್ಮ ಊರಿಂದ ಒಂದು ಚೀಲ ಹುರುಳಿ ಕಳಿಸಿದರು. ಅದೂ ರಸ್ತೆಯಲ್ಲಿ ಒಕ್ಕಿದ್ದೇ, ಕಾಳಿನ ಜೊತೆ ಡಾಂಬರಿನ ಕರಿ ಪುಡಿ ಇತ್ತು. ಅತ್ತೆ ದಿನಾ ಬೆಳಿಗ್ಗೆ ಬಾಣಲೆಯಲ್ಲಿ ಹುರುಳಿ ಹುರಿಯತೊಡಗಿದರು. ವಾಸನೆ ಅಡುಗೆಮನೆ ದಾಟಿ ಕೋಣೆಗೆ ಬಂದಾಗ ನಾನು ಗೋಡೆಗೆ ಕೈಯೂರಿ ನಿಂತಿರುತ್ತಿದ್ದೆ. ಒಂದು ಕೈ ಬಿಟ್ಟು ಮೂಗು ಮುಚ್ಚಿಕೊಳ್ಳುತ್ತಿದ್ದೆ. ಬೇರೆ ಏನಾದರೂ ಮಾಡಿ ಅತ್ತೆ ಎಂದು ಒಂದು ದಿನ ಕೇಳಿಕೊಂಡೆ.

“ಹುರುಳಿ ಏನ್ ತಪ್ಪು ಮಾಡೈತೆ?” ಎಂದರು ಸೌಟು ನಿಲ್ಲಿಸದೆ. “ನಿಂಗ್ ಮೂಗು ಇರೋಗಂಟ ವಾಸ್ನೆ ಇರ್ತೈತೆ ಕಣೇ. ಊರಲ್ಲಿರೋ ಒಲೆನೆಲ್ಲಾ ಆರ್ಸೋಕಾಯ್ತದಾ?”

ಇದು ಕ್ರೌರ್ಯವೋ ಔಷಧವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರಿಗೂ ಗೊತ್ತಿತ್ತೆಂದು ನಾನು ನಂಬುವುದಿಲ್ಲ. ದಿನಾ ವಾಸನೆ ಬಂತು, ದಿನಾ ಉಸಿರನ್ನು ಕಾಫಿ ಆರಿಸುವ ಹಾಗೆ ಬಿಟ್ಟೆ. ಗೋಡೆ ಬಿಟ್ಟಾಗ ಅಂಗೈಗಳಲ್ಲಿ ಸಣ್ಣ ಬಿಸಿ, ಭುಜದಲ್ಲಿ ಜುಮುಜುಮು. ಭುಜ ಕಿವಿಯಿಂದ ಒಂದು ಬೆರಳು ಕೆಳಗಿಳಿದಂತೆ ಒಂದು ದಿನ ಅನ್ನಿಸಿತು. ಮರುದಿನ ಮತ್ತೆ ಮೇಲೇರಿತು. ಮನಸ್ಸು ಹಗುರವಾಯಿತು ಎಂದು ಬರೆಯಲಾರೆ. ಕಾರಿನೊಳಗಿನ ಆ ಅಂಗೈಗಳು ಗಾಜಿನಾಚೆ ಇದ್ದೇ ಇದ್ದವು.

ಪ್ರಿನ್ಸಿಪಾಲರು ಕೊಟ್ಟ ದಿನ ಬಂತು. ಮಧ್ಯಾಹ್ನ ಅವರು ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕೂತರು. ಅಟೆಂಡರನನ್ನು ಹೊರಗೆ ಕಳಿಸಿದರು. ನಾನು ಗ್ಯಾಸ್ ತಿರುಗಿಸುವ ಮೊದಲು ಚಪ್ಪಲಿಯೊಳಗೆ ಹಿಮ್ಮಡಿ ಒತ್ತಿದೆ. ಎಡ ಅಂಗೈಯಿಂದ ಕಡಪಾ ಕಲ್ಲಿನ ಮೇಜನ್ನು ತಳ್ಳಿ ಬಿಟ್ಟೆ. ಕಡ್ಡಿ ಗೀರಿದೆ. ಹತ್ತಿತು. ಭುಜ ಏರತೊಡಗಿದ್ದು ತಿಳಿದು, ಕಲಿಸಿದ ಹಾಗೆ ಉದ್ದಕ್ಕೆ ಉಸಿರು ಬಿಟ್ಟೆ. ಕಡ್ಡಿ ಆರಿಹೋಯಿತು.

“ಹುಟ್ಟುಹಬ್ಬ ಅಲ್ಲ ಮೇಡಂ ಇದು,” ಎಂದರು ಅವರು.

ನನಗೆ ನಗು ಬಂತು. ತಡೆಯಲಾಗದ, ಹೊಟ್ಟೆಯಿಂದ ಬಂದ ನಗು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ಅವರು ಮುಖ ಗಂಟುಹಾಕಿ ನೋಡುತ್ತಿದ್ದರು, ಬಹುಶಃ ಆ ಇನ್ನೊಬ್ಬರಿಗೆ ಫೋನ್ ಮಾಡುವುದೇ ಸರಿ ಎಂದುಕೊಂಡಿರಬೇಕು. ನಕ್ಕು ಮುಗಿದಾಗ ಎರಡೂ ಭುಜ ಕೆಳಗಿದ್ದವು. ಎರಡನೆಯ ಕಡ್ಡಿ ಗೀರಿ, ಮೂತಿಯನ್ನು ಬದಿಗೆ ತಿರುಗಿಸಿ ಉಸಿರು ಬಿಟ್ಟು, ಬರ್ನರ್ ಹಚ್ಚಿದೆ. ನೀಲಿ ಜ್ವಾಲೆ ನಿಂತಿತು.

ಅಷ್ಟಕ್ಕೆ ಬಿಡಲಿಲ್ಲ ಅವರು. ತಂತಿಗೆ ಉಪ್ಪು ಹಚ್ಚಿ ಜ್ವಾಲೆಗೆ ಹಿಡಿಯಿರಿ ಎಂದರು. ಉಪ್ಪು ಬಿದ್ದರೆ ಜ್ವಾಲೆ ಹಳದಿಯಾಗುತ್ತದೆ ಎಂದು ಅವರಿಗೂ ಗೊತ್ತು, ವಿಡಿಯೊವನ್ನು ಅವರೂ ನೋಡಿದ್ದರು. ಹಿಡಿದೆ. ಕಾರಿನ ಕಿಟಕಿಯಲ್ಲಿ ಕಂಡಿದ್ದ ಅದೇ ಹಳದಿ ಎದ್ದಿತು. ತಂತಿಯ ತುದಿಯಲ್ಲಿ ಹಳದಿ ಅಲುಗಿತು. ಆದರೆ ಕೈ ಬೀಸಲಿಲ್ಲ. ಉಪ್ಪು ಉರಿದು ಮುಗಿದು, ಜ್ವಾಲೆ ತನ್ನಷ್ಟಕ್ಕೆ ನೀಲಿಗೆ ಮರಳಿತು.

“ಸರಿ. ನಾಳೆ ಬೇಗ ಬನ್ನಿ. ಒಂದು ಕಡ್ಡಿ ಗೀರೋಕೆ ಇಷ್ಟು ದಿನ ಹಿಡೀತು,” ಎಂದು ಎದ್ದು ಹೋದರು.

ಮನೆಗೆ ಬಂದಾಗ ಹುರುಳಿ ಸಾರು, ಮುದ್ದೆ ಆಗಿತ್ತು. ಕೆಲಸ ಉಳಿಯಿತು ಎಂದೆ. ಅತ್ತೆ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು. ಹಲ್ಲಿಗೆ ಒಂದು ಕಲ್ಲು ಸಿಕ್ಕಿತು. ರಸ್ತೆಯ ಜಲ್ಲಿಯ ಚೂರು. ತಟ್ಟೆಯ ಅಂಚಿನಲ್ಲಿಟ್ಟು ಊಟ ಮುಗಿಸಿದೆ. ಆಮೇಲೆ ಮಂಚಕ್ಕೆ ಒರಗಿದ್ದಷ್ಟೇ ನೆನಪು.

ಎಚ್ಚರವಾದಾಗ ಬಿಸಿಲು ಮುಖದ ಮೇಲಿತ್ತು. ಮೂಗಿನ ಕೆಳಗೆ ಹುರುಳಿ ವಾಸನೆಯ ಎರಡು ಬೆರಳು. ಅತ್ತೆ ನನ್ನ ಮೇಲೆ ಬಗ್ಗಿ, ಉಸಿರಿದೆಯೋ ಇಲ್ಲವೋ ನೋಡುತ್ತಿದ್ದರು. ಕಣ್ಣು ಬಿಟ್ಟದ್ದು ಕಂಡು ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಆ ದಿನ ಮಂಗಳವಾರ, ಪ್ರಾಕ್ಟಿಕಲ್‌ನ ಮೊದಲ ದಿನ.

“ಸತ್ತೋದ್ಯೇನೋ ಅಂದ್ಕೊಂಡೆ,” ಎಂದರು. “ಏಳು. ಗೋಡೆ ತಳ್ಳೋ ಹೊತ್ತು ಮೀರೋಯ್ತು.”