ಪಖವಾಜಿನ ಊಟ

ಮೊನ್ನೆ ಬೆಳಿಗ್ಗೆ ಅಥಣಿಯ ಗಿರಣಿಯಲ್ಲಿ ಗೋಧಿಯ ಡಬ್ಬಿ ಹಿಡಿದು ನಿಂತಿದ್ದೆ. ಒಂದು ಕಲ್ಲಿನಲ್ಲಿ ಯಾರದೋ ಜೋಳ, ಇನ್ನೊಂದರಲ್ಲಿ ನನ್ನ ಗೋಧಿ. ಎರಡೂ ಹಿಟ್ಟಿನ ಬಿಸಿ ವಾಸನೆ ಕೂಡಿಯೇ ಮೂಗಿಗೆ ಬಂತು. ಗಿರಣಿಯ ಮಲ್ಲಪ್ಪ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ, "ಮಾಸ್ತರ, ನಿಮ್ಮ ಅವ್ವನ ಹಿಟ್ಟಿನ ಮಜಾ ಇನ್ನೊಮ್ಮೆ ಹೇಳ್ರಿ" ಎಂದ. ಆ ಕಥೆಯನ್ನು ನಾನು ಈ ಭಾಗದಲ್ಲಿ ಹೇಳದ ಊರಿಲ್ಲ. ನೀವು ಕೇಳಿಲ್ಲವಾದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನಾನು ಪಖವಾಜ ಬಾರಿಸುವವನು. ಭಜನೆಯಲ್ಲಿ ಮುಂದೆ ಅಡ್ಡ ಇಟ್ಟುಕೊಂಡು ಎರಡೂ ಕೈಯಿಂದ ಬಾರಿಸುತ್ತಾರಲ್ಲ, ಆ ಉದ್ದನೆಯ ವಾದ್ಯ. ಅದರ ಎಡಮುಖಕ್ಕೆ ಪ್ರತಿ ಸಲವೂ ಗೋಧಿ ಹಿಟ್ಟಿನ ಹಸಿ ಕಣಕ ಮೆತ್ತಬೇಕು. ಮೆತ್ತಿದರೆ ತುಂಬು ದನಿ, ಇಲ್ಲದಿದ್ದರೆ ಖಾಲಿ ಡಬ್ಬಿ. ಇದಕ್ಕೆ ನಾವು ಪಖವಾಜಿಗೆ ಊಟ ಹಾಕುವುದು ಎನ್ನುತ್ತಿದ್ದೆವು. ಯಾರ ಮನೆಯಲ್ಲಿ ಭಜನೆಯೋ ಆ ಮನೆಯ ಹೆಣ್ಣುಮಗಳು ಕಣಕ ನಾದಿ ಕೊಡುವುದು ಪದ್ಧತಿ. ಶೇಡಬಾಳವಿರಲಿ, ಚಿಂಚಲಿಯಿರಲಿ, ಒಳಗಿನಿಂದ ಮೊದಲು ಬರುತ್ತಿದ್ದ ಪ್ರಶ್ನೆ, "ಪಖವಾಜದ್ದು ಊಟಾ ಆತೇನ್ರಿ?" ನಮ್ಮ ಊಟದ ವಿಚಾರ ಆಮೇಲೆ. ಹೀಗೆ ಊರೂರು ಅಲೆದು, ನಿಪ್ಪಾಣಿಯವರು ಕಣಕವನ್ನು ಬಿಗಿಯಾಗಿ ನಾದುತ್ತಾರೆ, ಚಿಕ್ಕೋಡಿಯವರದು ತುಸು ಮೆತ್ತಗೆ ಎಂದು ಕಣ್ಣು ಮುಚ್ಚಿ ಹೇಳುವಷ್ಟು ಪಾಂಡಿತ್ಯ ಸಂಪಾದಿಸಿದ್ದೆ. ತಾಳದಲ್ಲಿ ಅಷ್ಟು ಪಾಂಡಿತ್ಯ ಬಂದಿದ್ದರೆ ನನ್ನ ಕಥೆಯೇ ಬೇರೆಯಾಗುತ್ತಿತ್ತು.

ಎಂಬತ್ತರ ದಶಕದ ಕೊನೆಯಲ್ಲಿ ಮಿರಜ ಕಡೆಯ ಬುವಾ ಒಬ್ಬರು ಇಂಗ್ಲೆಂಡಿಗೆ ಹೊರಟರು. ಮರಾಠಿ ಭಕ್ತಿಪದಗಳಾದ ಅಭಂಗ ಹಾಡುವವರನ್ನು ಗೌರವದಿಂದ ಬುವಾ ಎನ್ನುತ್ತೇವೆ. ಅವರ ಪಖವಾಜಿನವ ಸೈಕಲ್ ಮೇಲಿಂದ ಬಿದ್ದು ಕೈ ಮುರಿದುಕೊಂಡಿದ್ದ. ಹೀಗೆ ಇನ್ನೊಬ್ಬನ ಕೈ ಮುರಿದ ಪುಣ್ಯದಿಂದ ನಾನು ವಿಮಾನ ಹತ್ತಿದೆ.

ಹೊರಡುವ ಮುಂಚೆ ಅವ್ವನಿಗೆ ಹೇಳಿದೆ, "ಪಖವಾಜಕ್ಕ ಎರಡು ಕಿಲೋ ಗೋದಿ ಹಿಟ್ಟು ಕಟ್ಟಿ ಕೊಡಬೇ. ಅಲ್ಲಿದು ಹೆಂಗಿರತೈತೋ ಏನೋ."

"ಆತಪಾ" ಎಂದಳು.

ಮೊದಲ ಕಾರ್ಯಕ್ರಮ ಒಂದು ಶಾಲೆಯ ಸಭಾಂಗಣದಲ್ಲಿ, ಮಧ್ಯಾಹ್ನ. ಇನ್ನೇನು ಶುರುವಾಗಬೇಕು, ಚೀಲ ಬಿಚ್ಚಿ, ಹಿಟ್ಟಿಗೆ ನೀರು ಹಾಕಿ ನಾದಿದೆ. ಬೆರಳ ಸಂದಿಯಲ್ಲಿ ಒಡೆದು ಒಡೆದು ಬಿತ್ತು. ಮೂಸಿ ನೋಡಿದೆ. ಜೋಳದ ಹಿಟ್ಟು! ರೊಟ್ಟಿಗೆ ಸರಿ, ಪಖವಾಜಿಗೆ ಅಂಟುವುದಿಲ್ಲ. ಚಹಾದ ಮೇಜಿನ ಮೇಲೆ ಬ್ರೆಡ್ಡಿತ್ತು. ಅದರ ಅಂಚು ಹರಿದು, ನೀರಲ್ಲಿ ಅದ್ದಿ, ಹಿಂಡಿ, ಮೆತ್ತಿದೆ. ಅರ್ಧ ಕಾರ್ಯಕ್ರಮ ಪಾರಾಯಿತು. ಲಯ ಏರಿದ್ದೇ ತಡ, ಬ್ರೆಡ್ಡಿನ ಉಂಡೆ ಕಿತ್ತು ಹಾರಿ ಬುವಾ ಅವರ ಬಿಳಿ ಧೋತರದ ಮೇಲೆ ಹೋಗಿ ಕೂತಿತು. ಜನ ಹೋ ಎಂದು ನಕ್ಕರು.

ಬುವಾ ನಗಲಿಲ್ಲ. "ನಾಳಿಂದ ನೀ ಬ್ಯಾಡ. ಇಲ್ಲೇ ಯಾರರ ತಬಲಾದವರನ್ನ ನೋಡ್ತೀನಿ" ಎಂದರು. ಹನ್ನೊಂದು ಊರಿನ ಪ್ರವಾಸ ಒಂದೇ ಊರಿಗೆ ಮುಗಿಯಿತೆಂದುಕೊಂಡೆ.

ಆ ರಾತ್ರಿ ನಾವು ಹೋಗಿ ಇಳಿದುಕೊಂಡ ಹೊಸ ಮನೆಯಾಕೆಯ ತವರು ನಿಪ್ಪಾಣಿ. ಮರುದಿನ ನನ್ನ ಚೀಲ ನೋಡಿ, "ಅಯ್ಯ, ಜ್ವಾಳದ ಹಿಟ್ಟು! ಇದನ್ನ ನೋಡಿ ಎಷ್ಟ ವರ್ಸ ಆತ್ರಿ" ಎಂದು ಎರಡೂ ಕೈಯಲ್ಲಿ ಎತ್ತಿಕೊಂಡರು. ಬದಲಿಗೆ ತಮ್ಮ ಡಬ್ಬಿಯ ಗೋಧಿ ಹಿಟ್ಟು ಕೊಟ್ಟರು. ಬಿಸಿ ರೊಟ್ಟಿ ತಟ್ಟಿ, ಕಡಲೆ ಹಿಟ್ಟಿನ ಜುಣಕ ಮಾಡಿ ಬಡಿಸಿದರು. ಎರಡು ದಿನ ಆಲೂಗಡ್ಡೆ, ಬ್ರೆಡ್ಡಿನ ಮೇಲಿದ್ದ ಬುವಾ ಮೂರನೆಯ ರೊಟ್ಟಿಗೆ ಕೈ ಹಾಕಿ, "ಸಂಜಿಕ ಕಣಕ ಚೊಲೋ ಮೆತ್ತು" ಎಂದರು. ನನ್ನ ಜಾಗ ಉಳಿಯಿತು. ನಾನು ತಲೆ ತಗ್ಗಿಸಿಕೊಂಡು ಉಂಡೆ. ಮನೆ ನೆನಪಾಗಿತ್ತು.

ಊರಿಗೆ ಬಂದ ಮೇಲೆ ನಾನು ಮಾಡಿದ್ದೇನು? ಭಜನೆಯ ನಡುವೆ ಎಲೆ ಅಡಿಕೆಯ ತಬಕು ಬಂದಾಗಲೆಲ್ಲ, ನಮ್ಮವ್ವ ಗೋಧಿ ಯಾವುದು, ಜೋಳ ಯಾವುದು ತಿಳಿಯದೆ ಕಟ್ಟಿಕೊಟ್ಟಳೆಂದು ಉಪ್ಪು ಖಾರ ಹಚ್ಚಿ ಹೇಳಿದೆ. ಉಂಡೆ ಹಾರುವಲ್ಲಿಗೆ ಕಥೆ ಮುಗಿಸುತ್ತಿದ್ದೆ. ರೊಟ್ಟಿಯ ಸುದ್ದಿ ಎತ್ತುತ್ತಿರಲಿಲ್ಲ. ಕಾಗವಾಡದಲ್ಲಿ ಹೇಳಿದಾಗ ಅವ್ವನೂ ಕೂತಿದ್ದಳು. ಸೆರಗು ಬಾಯಿಗೆ ಹಿಡಿದು ಎಲ್ಲರ ಜೊತೆ ನಕ್ಕಳು.

ತೊಂಬತ್ತರ ದಶಕದಲ್ಲಿ ಮತ್ತೊಮ್ಮೆ ಕರೆ ಬಂತು. ಅವ್ವ ಹಿಟ್ಟು ಕಟ್ಟುತ್ತಿದ್ದಾಗ, "ಈ ಸಲಾನೂ ತಪ್ಪಬ್ಯಾಡಬೇ" ಎಂದು ಕಾಡಿಸಿದೆ. ಅವಳು ಗಂಟು ಬಿಗಿಯುತ್ತಲೇ ಅಂದಳು, "ಆವತ್ತ ನಾ ಎಲ್ಲಿ ತಪ್ಪಿದ್ದೆ ತಮ್ಮಾ? ಗೊತ್ತಿದ್ದೇ ಜ್ವಾಳ ಹಾಕಿದ್ದೆ. ಪಖವಾಜಕ್ಕ ಎಲ್ಲಿ ಹೋದ್ರೂ ಯಾರರ ಊಟಾ ಹಾಕ್ತಾರ. ನಿನಗ ಯಾರ ಹಾಕ್ತಿದ್ರು?"

"ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ?"

"ಮಂದಿ ನಗತಿದ್ರು. ನಿನಗೂ ಖುಷಿ ಆಗತಿತ್ತು. ಇರ್ಲಿ ಬಿಡು."

ನಾನು ಅಂದೇ ಆ ಕಥೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ನಿಜ ಹೇಳಿದರೆ ಜನ ನಗುವುದಿಲ್ಲ, ನನಗೆ ನಗು ಬೇಕಾಗಿತ್ತು. ಅವ್ವ ಹೋದ ಮೇಲೂ ಹಳೆಯ ಪ್ರಕಾರವೇ ಹೇಳುತ್ತ ಬಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಈಗ ಎಡಮುಖಕ್ಕೂ ತಬಲಾದ ನಡುವಿನ ಕರಿ ಬೊಟ್ಟಿನಂಥ ಕಾಯಂ ಶಾಯಿ ಕೂರಿಸಿದ ಪಖವಾಜುಗಳು ಸಿಗುತ್ತವೆ, ಕಣಕದ ಗೊಡವೆಯೇ ಇಲ್ಲ. ನಾನು ಮಾತ್ರ ಗೋಧಿ ಬೀಸಿಸುವುದನ್ನು ಬಿಟ್ಟಿಲ್ಲ. ಹಾಗಾಗಿಯೇ ಮೊನ್ನೆ ಮಲ್ಲಪ್ಪನ ಕೈಗೆ ಸಿಕ್ಕಿದ್ದು.

ಹೇಳಿದೆ. ಉಂಡೆ ಹಾರಿದಲ್ಲಿ ಅವನು ಎಂದಿನಂತೆ ಹೊಟ್ಟೆ ಹಿಡಿದು ನಕ್ಕ. ಈ ಸಲ ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ನಿಪ್ಪಾಣಿಯಾಕೆಯ ರೊಟ್ಟಿ, ಬುವಾ ಅವರ ಮಾತು, ಕೊನೆಗೆ ಅವ್ವ ಅಂದದ್ದು, ಎಲ್ಲ ಹೇಳಿದೆ. ಮಲ್ಲಪ್ಪ ಗಿರಣಿ ಬಂದ್ ಮಾಡಿದ. ಪಟ್ಟಿಯ ಸಪ್ಪಳ ನಿಂತಿತು.

"ಹಂಗಾರ ಅಕಿ ತಪ್ಪಿದ್ದಿಲ್ಲೇನ್ರಿ?" ಎಂದ.

"ಇಲ್ಲಪಾ" ಎಂದೆ. "ಅಕಿ ನನಗ ಊಟಾ ಕಟ್ಟಿದ್ಲು."

ಅವನು ನನ್ನ ಡಬ್ಬಿ ತುಂಬಿಕೊಟ್ಟ. ನಾನು ಮನೆಗೆ ಹೋಗಿ, ಜೋಳದ ಚೀಲ ತೆಗೆದುಕೊಂಡು, ನನ್ನ ರೊಟ್ಟಿಗೆ ಬೀಸಿಸಲು ಮತ್ತೆ ಗಿರಣಿಗೆ ಬಂದೆ.